ಟ್ಯೂಬಿಂಗನ್‌ಗೆ ಹೊಸದಾಗಿ ಬಂದವರಿಗೆ: ಚಟ್ನಿ ರಾತ್ರಿ ಹತ್ತರೊಳಗೆ

ಜರ್ಮನಿಯ ಈ ವಿಶ್ವವಿದ್ಯಾಲಯದ ಊರಲ್ಲಿ ಡಿಸೆಂಬರಿನಲ್ಲಿ ಬೆಳಗ್ಗೆ ಏಳಕ್ಕೂ ಕತ್ತಲೆ. ಅಲಾರಾಂ ಆರಿಸಿ ಮತ್ತೆ ಹೊದ್ದುಕೊಳ್ಳೋಣ ಅನಿಸುತ್ತದೆ. ನಾನೂ ಮೊದಲ ಚಳಿಗಾಲ ಹಾಗೇ ಕಳೆದವನು. ಆದರೆ ಸಂಜೆ ನಾಲ್ಕೂವರೆಗೆ ಮತ್ತೆ ಕತ್ತಲಾಗುತ್ತದೆ. ಹತ್ತಕ್ಕೆ ಎದ್ದರೆ ಬಿಸಿಲಿನ ಮುಖ ನೋಡುವುದು ಯಾವಾಗ? ಎದ್ದುಬಿಡಿ.

ಬಹಳಷ್ಟು ವಿದ್ಯಾರ್ಥಿಗಳಿಗೆ ಗುಡ್ಡದ ಮೇಲಿನ ವಾಲ್ಡ್‌ಹಾಯ್ಸರ್ ಓಸ್ಟ್ ಹಾಸ್ಟೆಲ್‌ಗಳಲ್ಲಿ ರೂಮು ಸಿಗುತ್ತದೆ. ಅಲ್ಲಿಂದ ಬಸ್ಸಿನಲ್ಲಿ ಇಳಿದರೆ ವಿಲ್‌ಹೆಲ್ಮ್‌ ರಸ್ತೆ, ಅಂದರೆ ವಿಶ್ವವಿದ್ಯಾಲಯದ ಹಳೇ ಕಟ್ಟಡಗಳು. ವಿಜ್ಞಾನದವರದು ಮೋರ್ಗನ್‌ಷ್ಟೆಲೆ ಕ್ಯಾಂಪಸ್, ಅದೂ ಗುಡ್ಡವೇ.

ಟೈಮ್‌ಟೇಬಲ್‌ನಲ್ಲಿ ‘10 ಸಿ.ಟಿ.’ ಅಂತಿದ್ದರೆ ಕ್ಲಾಸು ಶುರುವಾಗುವುದು 10.15ಕ್ಕೆ. ‘ಎಸ್.ಟಿ.’ ಅಂತಿದ್ದರೆ ಮಾತ್ರ ಸರಿಯಾಗಿ ಹತ್ತಕ್ಕೆ. ಇದು ಗೊತ್ತಿಲ್ಲದೆ ನಾನು ಮೊದಲ ದಿನ ಹತ್ತಕ್ಕೆ ಹೋಗಿ, ಖಾಲಿ ರೂಮು ನೋಡಿ ಗಾಬರಿಯಾಗಿ, ಇಡೀ ಕಟ್ಟಡ ಸುತ್ತಿ ವಾಪಸು ಬರುವಷ್ಟರಲ್ಲಿ 10.20. ಬೇಗ ಬಂದೂ ಲೇಟಾದವನು ನಾನೊಬ್ಬನೇ ಇರಬೇಕು! ಪಾಠ ಮುಗಿದಾಗ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಬೆರಳ ಗೆಣ್ಣಿನಿಂದ ಮೇಜು ಕುಟ್ಟುತ್ತಾರೆ. ನೀವೂ ಕುಟ್ಟಿ.

ಮಧ್ಯಾಹ್ನದ ಊಟ ಮೆನ್ಸಾದಲ್ಲೇ, ಅಂದರೆ ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲೇ ಮಾಡಿ, ಹೊರಗಿಗಿಂತ ತುಂಬಾ ಅಗ್ಗ. ಈ ಕಡೆಯವರ ಪ್ರೀತಿಯ ಊಟ ‘ಲಿನ್ಸನ್ ಮಿಟ್ ಷ್ಪೆಟ್ಸ್‌ಲೆ’. ಮೊಟ್ಟೆ ಹಾಕಿದ ಹಿಟ್ಟಿನ ಸಣ್ಣ ಸಣ್ಣ ಎಳೆಗಳ ಮೇಲೆ ಚನ್ನಂಗಿಬೇಳೆಯಂಥ ಕಾಳಿನ ಸಾರು, ಸ್ವಲ್ಪ ವಿನಿಗರ್ ಹುಳಿ. ಪಕ್ಕದಲ್ಲಿ ಸಾಸೇಜ್ ಇಡುತ್ತಾರೆ. ಸಾರಿನಲ್ಲೂ ಮಾಂಸ ಇರಬಹುದು, ಸಸ್ಯಾಹಾರಿಗಳು ಕೇಳಿ ತೆಗೆದುಕೊಳ್ಳಿ. ಬ್ಯಾಗಿನಲ್ಲಿ ಉಪ್ಪಿನಕಾಯಿಯ ಪುಟ್ಟ ಡಬ್ಬಿ ಇದ್ದರೆ ಊಟ ಇನ್ನೂ ಚೆನ್ನಾಗಿ ಇಳಿಯುತ್ತದೆ. ಕಾಫಿಗೆ ಸ್ವಂತ ಕಪ್ಪು ಒಯ್ಯಿರಿ. ಒಮ್ಮೆ ಬಳಸಿ ಬಿಸಾಡುವ ಲೋಟದ ಮೇಲೆ ಈ ಊರು 2022ರಿಂದ 50 ಸೆಂಟ್ ತೆರಿಗೆ ಹಾಕಿದೆ.

ಕ್ಲಾಸು ಬೇಗ ಮುಗಿದ ದಿನ ಕೋಟೆಗೆ ಹತ್ತಿ. 1869ರಲ್ಲಿ ಫ್ರೀಡ್ರಿಖ್ ಮೀಷರ್ ಆ ಕೋಟೆಯ ಹಳೇ ಅಡುಗೆಮನೆಯಲ್ಲಿದ್ದ ಲ್ಯಾಬಿನಲ್ಲೇ, ನಾವು ಈಗ ಡಿಎನ್‌ಎ ಅನ್ನುವುದನ್ನು ಮೊದಲು ಬೇರ್ಪಡಿಸಿದ್ದು. ಬೇರ್ಪಡಿಸಿದ್ದು ಗಾಯದ ಬ್ಯಾಂಡೇಜಿಗೆ ಅಂಟಿದ ಕೀವಿನಿಂದ. ಆ ಕಥೆ ಅಲ್ಲೇ ಓದಿ, ಊಟಕ್ಕೆ ಮುಂಚೆ ಬೇಡ.

ನಮಗೆ ಇನ್ನೂ ಹತ್ತಿರದ ವಿಷಯ ಬೇರೆ ಇದೆ. ನಿಘಂಟಿನ ಕಿಟೆಲ್ ಅವರಿಗೆ 1896ರಲ್ಲಿ ಡಾಕ್ಟರೇಟ್ ಕೊಟ್ಟಿದ್ದು ಇದೇ ವಿಶ್ವವಿದ್ಯಾಲಯ. 1903ರಲ್ಲಿ ಅವರು ತೀರಿಕೊಂಡಿದ್ದೂ ಇದೇ ಊರಲ್ಲಿ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಮೊಗ್ಲಿಂಗ್ ಓದಿದ್ದೂ ಇಲ್ಲೇ. ಕನ್ನಡ ಅಂದರೆ ‘ಕೆನಡಾನಾ?’ ಅನ್ನುವವರು ಸಿಕ್ಕೇ ಸಿಗುತ್ತಾರೆ. ಅವರಿಗೆ ಈ ಎರಡು ಹೆಸರು ಹೇಳಿ. ನಿಮ್ಮೂರಲ್ಲಿದ್ದವರೊಬ್ಬರೇ ನಮ್ಮ ಭಾಷೆಗೆ ಡಿಕ್ಷನರಿ ಬರೆದರು ಅಂದರೆ ಮಾತು ತಾನಾಗಿ ಬೆಳೆಯುತ್ತದೆ.

ಸಂಜೆ ಅಡುಗೆ. ರಾತ್ರಿ ಹತ್ತರ ಮೇಲೆ ಮಿಕ್ಸಿ ಹಾಕಬೇಡಿ. ಭಾನುವಾರ ಇಡೀ ದಿನ ಸದ್ದು ಕಡಿಮೆ ಇರಲಿ. ಅವತ್ತು ಅಂಗಡಿಗಳೂ ಮುಚ್ಚಿರುತ್ತವೆ, ಹಾಲು, ತರಕಾರಿ ಶನಿವಾರವೇ ತಂದಿಡಿ. ಮನೆಗೆ ಬಂದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಲೇಬೇಕು. ಮನೆ ಬಾಡಿಗೆಗೆ ಕೊಟ್ಟವರಿಂದ ಸಹಿ ಹಾಕಿದ ಕಾಗದ ಮೊದಲೇ ಕೇಳಿಟ್ಟುಕೊಳ್ಳಿ.

ಹಾಸ್ಟೆಲ್ ಸಿಗದೆ ಹಳೇ ಮನೆಯೊಂದರಲ್ಲಿ ಬಾಡಿಗೆಗೆ ಇದ್ದರೆ ‘ಕೇರ್‌ವೋಖೆ’ ಅನ್ನುವ ಪದ ತಿಳಿದಿರಲಿ. ಗುಡಿಸುವ ವಾರ ಅಂತ ಅರ್ಥ. ನಾನು ಬಂದ ಹೊಸದರಲ್ಲಿ ಒಂದು ದಿನ ಬಾಗಿಲಿಗೆ ದಾರ ಕಟ್ಟಿದ ಸಣ್ಣ ಮರದ ಬೋರ್ಡು ನೇತಾಡುತ್ತಿತ್ತು. ಯಾರೋ ಸ್ವಾಗತಕ್ಕೆ ಕೊಟ್ಟ ಉಡುಗೊರೆ ಅಂದುಕೊಂಡು ಒಳಗೆ ತಂದು ಗೋಡೆಗೆ ತಗುಲಿಹಾಕಿದೆ. ಎರಡು ವಾರ ಮೆಟ್ಟಿಲು ಯಾರೂ ಗುಡಿಸಲಿಲ್ಲ. ಕೊನೆಗೆ ಮೇಲಿನ ಮಹಡಿಯ ಅಜ್ಜಿ ಬಂದರು. ಬೈಯಲಿಲ್ಲ. ಗೋಡೆ ಮೇಲಿನ ಬೋರ್ಡು ನೋಡಿದರು, ನನ್ನನ್ನು ನೋಡಿದರು, ಸುಮ್ನೆ ಪೊರಕೆ ಕೈಗಿಟ್ಟರು. ಮೆಟ್ಟಿಲು, ಮುಂಬಾಗಿಲು, ಮನೆ ಮುಂದಿನ ಕಾಲುದಾರಿ ಎಲ್ಲ ತೋರಿಸಿದರು. ಬೋರ್ಡು ಯಾರ ಬಾಗಿಲಲ್ಲಿದೆಯೋ ಆ ವಾರ ಗುಡಿಸುವ ಸರದಿ ಅವರದು. ಕಸ ಇಲ್ಲದಿದ್ದರೂ ಗುಡಿಸಬೇಕು, ಗುಡಿಸಿದ್ದು ಕಾಣಬೇಕು.

ನಿಮ್ಮ ವಾರ ಮುಗಿದ ಮೇಲೆ ಬೋರ್ಡನ್ನು ಪಕ್ಕದ ಮನೆ ಬಾಗಿಲಿಗೆ ತಗುಲಿಸಿ ಬಸ್ಸು ಹಿಡಿಯಿರಿ.