ಅವಳಿಗಳಿಗೆ ನಡುರಾತ್ರಿ ಹಾಲು ಕುಡಿಸಿ ಮತ್ತೆ ಮಲಗಿಸುವುದು ಹೇಗೆ?

ದೊಡ್ಡದಕ್ಕೆ ಹಾಲು ಕುಡಿಸಿ, ತೇಗು ಬರಿಸಿ, ಮಲಗಿಸಿ, ಬಾಣಂತಿ ತಾನೂ ದಿಂಬಿಗೆ ತಲೆ ಕೊಡುವ ಹೊತ್ತಿಗೆ ಚಿಕ್ಕದು ಎದ್ದಿರುತ್ತದೆ. ಅದರ ಕೆಲಸ ಮುಗಿಯುವಷ್ಟರಲ್ಲಿ ದೊಡ್ಡದರ ಮುಂದಿನ ಸರದಿ ಬಂದಿರುತ್ತದೆ. ಹೊರಗೆ ಆಟಿಯ ಮಳೆ, ಒಳಗೆ ಒಣಗದ ಬಟ್ಟೆ, ನಡುವೆ ಕರೆಂಟು ಬೇರೆ ಹೋಗುತ್ತದೆ. ಮಂಗಳೂರು, ಉಡುಪಿ ಕಡೆ ಅವಳಿ ಮಕ್ಕಳಿರುವ ಮನೆಗಳ ಮಳೆಗಾಲದ ರಾತ್ರಿ ಹೆಚ್ಚುಕಡಿಮೆ ಹೀಗೆಯೇ.

ನವಜಾತ ಶಿಶು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ. ಆದರೆ ಅದೆಲ್ಲವೂ ಎರಡು-ಮೂರು ಗಂಟೆಗಳ ತುಂಡು ನಿದ್ದೆ. 24 ಗಂಟೆಯಲ್ಲಿ 8ರಿಂದ 12 ಬಾರಿ ಹಾಲು ಬೇಕೇ ಬೇಕು. ಅವಳಿಗಳು ಬಹುಪಾಲು ದಿನ ತುಂಬುವ ಮೊದಲೇ, ಕಡಿಮೆ ತೂಕದಲ್ಲಿ ಹುಟ್ಟುವುದರಿಂದ ರಾತ್ರಿಯ ಹಾಲು ತಪ್ಪಿಸುವ ಮಾತೇ ಇಲ್ಲ. ಹುಟ್ಟಿದಾಗಿನ ತೂಕ ಮರಳಿ ಬರುವವರೆಗೆ, ಅಂದರೆ ಸುಮಾರು ಎರಡು ವಾರ, ಮೂರು ಗಂಟೆ ಮೀರಿ ಮಲಗಿದರೆ ನೀವೇ ಎಬ್ಬಿಸಬೇಕು. ನಮ್ಮ ಕೈಯಲ್ಲಿರುವುದು ಹಾಲು ಕುಡಿಯುವ ಆ ಅರ್ಧ ಗಂಟೆಯಲ್ಲಿ ಮಕ್ಕಳ ನಿದ್ದೆಗಣ್ಣು ಪೂರ್ತಿ ಬಿಡದಂತೆ ನೋಡಿಕೊಳ್ಳುವುದು. ಕೆಳಗಿನದೆಲ್ಲ ಅದಕ್ಕಾಗಿಯೇ.

ರಾತ್ರಿ ಊಟಕ್ಕೆ ಮೊದಲು

ಲಂಗೋಟಿ ಅಥವಾ ಡೈಪರ್, ಒರೆಸುವ ಬಟ್ಟೆ, ಬದಲಿ ಅಂಗಿ, ಬಾಣಂತಿಗೆ ಫ್ಲಾಸ್ಕಿನಲ್ಲಿ ಬಿಸಿನೀರು, ತಿನ್ನಲು ಏನಾದರೂ: ಎಲ್ಲವೂ ಮಂಚದಿಂದ ಕೈಗೆ ಸಿಗುವಂತಿರಲಿ. ಮಳೆಗಾಲದಲ್ಲಿ ಬಟ್ಟೆ ಒಣಗಿದಂತೆ ಕಂಡರೂ ಒಳಗೆ ತೇವವಿರುತ್ತದೆ, ಇಸ್ತ್ರಿ ಹಾಕಿಯೇ ಮಡಚಿಡಿ. ಟ್ಯೂಬ್‌ಲೈಟ್ ರಾತ್ರಿಗೆ ಬೇಡವೇ ಬೇಡ, ಹಳದಿ ಝೀರೋ ಬಲ್ಬ್ ಸಾಕು. ಕೆಲವು ಮನೆಗಳಲ್ಲಿ ನಡುರಾತ್ರಿ ಮಗು ಕುಂಯ್ ಎಂದರೆ ಸಾಕು, ನಾಲ್ಕು ಜನ ಎದ್ದು ಬಂದು ದೀಪ ಹಾಕಿ ಮುದ್ದುಮಾತು ಶುರು ಮಾಡುತ್ತಾರೆ. ಮುದ್ದು ಹಗಲಿಗಿರಲಿ.

ಸದ್ದು ಕೇಳಿದ ಕೂಡಲೇ ಎತ್ತಬೇಡಿ

ಶಿಶುವಿನ ನಿದ್ದೆಯಲ್ಲಿ ಸುಮಾರು ಅರ್ಧ ಭಾಗ ಹಗುರ ನಿದ್ದೆ. ಆಗ ಮಗು ಮುಲುಗುತ್ತದೆ, ಮೈಮುರಿಯುತ್ತದೆ, ತುಟಿ ಚೀಪುತ್ತದೆ, ಒಮ್ಮೊಮ್ಮೆ ಕಣ್ಣನ್ನೂ ತೆರೆಯುತ್ತದೆ. ಅಷ್ಟಕ್ಕೇ ಎತ್ತಿಕೊಂಡರೆ ಎಬ್ಬಿಸಿದ್ದು ನೀವೇ. ಅರ್ಧ ನಿಮಿಷ ನೋಡಿ. ಬಾಯಿಗೆ ಮುಷ್ಟಿ ಒಯ್ಯುತ್ತ, ತಲೆಯನ್ನು ಅತ್ತಿತ್ತ ಹೊರಳಿಸಿ ಹುಡುಕತೊಡಗಿದರೆ ಹಸಿವು ನಿಜ. ಆಗ ಅಳುವವರೆಗೆ ಕಾಯಬಾರದು. ಅತ್ತು ಕೆಂಪಾದ ಮಗು ಮೊಲೆ ಹಿಡಿಯುವುದೂ ಕಷ್ಟ, ಮತ್ತೆ ಮಲಗುವುದೂ ಕಷ್ಟ.

ಒಂದು ಎದ್ದರೆ ಇನ್ನೊಂದನ್ನೂ ಎಬ್ಬಿಸಿ

ಮಲಗಿದ ಮಗುವನ್ನು ಎಬ್ಬಿಸಬಾರದು ಎಂದು ಅಜ್ಜಿಯಂದಿರು ತಡೆಯುತ್ತಾರೆ. ಒಂದೇ ಮಗುವಾಗಿದ್ದರೆ ಅವರ ಮಾತು ನಡೆಯಬಹುದಿತ್ತು. ಅವಳಿಗಳಲ್ಲಿ ಇಬ್ಬರ ಹಸಿವನ್ನೂ ಒಂದೇ ಹೊತ್ತಿಗೆ ತರದಿದ್ದರೆ ತಾಯಿಗೆ ಬೆಳಗಿನವರೆಗೆ ಒಂದು ಗಂಟೆಯ ನಿದ್ದೆಯೂ ಒಟ್ಟಿಗೆ ಸಿಗದು.

ಎದ್ದ ಮಗುವಿನ ಲಂಗೋಟಿ ಬದಲಿಸಿ ತಾಯಿಯ ಕೈಗೆ ಕೊಡಿ. ನಂತರ ಮಲಗಿರುವುದರ ಲಂಗೋಟಿ ಬಿಚ್ಚಿ. ಹಾಲು ಚೀಪುವಷ್ಟು ಎಚ್ಚರ ಅದರಿಂದಲೇ ಬರುತ್ತದೆ. ಈ ಕೆಲಸವನ್ನು ಹಾಲಿಗೆ ಮೊದಲೇ ಮುಗಿಸಬೇಕು. ಕುಡಿದು ಜೋಂಪು ಹತ್ತಿದ ಮಗುವಿನ ಕಾಲೆತ್ತಿ ತಣ್ಣನೆಯ ಬಟ್ಟೆಯಿಂದ ಒರೆಸಿದರೆ ಅಷ್ಟು ಹೊತ್ತಿನ ಶ್ರಮ ನೀರುಪಾಲು. ಕುಡಿದ ಮೇಲೆ ಕಕ್ಕಸು ಮಾಡಿಕೊಂಡರೆ ಬದಲಿಸದೆ ವಿಧಿಯಿಲ್ಲ, ಬರೀ ಮೂತ್ರ ಮಾಡಿದ್ದರೆ ಡೈಪರ್ ಹಾಕಿದ ಮಗುವನ್ನು ಹಾಗೆಯೇ ಬಿಡಬಹುದು.

ಇಬ್ಬರಿಗೂ ಒಟ್ಟಿಗೆ ಕುಡಿಸಲು ತಾಯಿ ಗೋಡೆಗೆ ಒರಗಿ ಕೂತು ಎರಡೂ ಬದಿಗೆ ದಿಂಬು ಇಟ್ಟುಕೊಳ್ಳಬೇಕು. ಮಕ್ಕಳ ಕಾಲು ಕಂಕುಳಡಿಯಿಂದ ಬೆನ್ನಿನ ಕಡೆಗೆ, ತಲೆ ಅಂಗೈಯಲ್ಲಿ. ಮೊದಲ ವಾರಗಳಲ್ಲಿ ಎರಡನೆಯದನ್ನು ಎತ್ತಿಕೊಡಲು ಪಕ್ಕದಲ್ಲಿ ಒಬ್ಬರು ಬೇಕು. ಇದು ಒಗ್ಗದಿದ್ದರೆ ಒಂದಾದ ಮೇಲೊಂದು ಕುಡಿಸಿ. ಚೀಪಲು ಬಲ ಸಾಲದ ಮಗುವಿಗೆ ಹಿಂಡಿದ ಹಾಲನ್ನು ಒಳಲೆಯಲ್ಲಿ ಕೊಡುವುದನ್ನು ಆಸ್ಪತ್ರೆಯ ದಾದಿಯರೇ ಕಲಿಸುತ್ತಾರೆ. ಫ್ರಿಜ್ಜಿನಲ್ಲಿಟ್ಟ ಹಾಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ, ಒಲೆಯ ಮೇಲೆ ಬೇಡ.

ಮಕ್ಕಳಿಗೆ ಬೇರೆ ಬೇರೆ ಬಣ್ಣದ ಅಂಗಿ ತೊಡಿಸಿ, ಪಕ್ಕದಲ್ಲೊಂದು ನೋಟ್‌ಪುಸ್ತಕ ಇಡಿ. ಮೂರು ಗಂಟೆಯ ಮಂಪರಿನಲ್ಲಿ ಕುಡಿದದ್ದಕ್ಕೇ ಮತ್ತೆ ಕುಡಿಸುವುದು ಅಪರೂಪವೇನಲ್ಲ.

ತೇಗು, ಆಮೇಲೆ ತೊಟ್ಟಿಲು

ಹೆಗಲ ಮೇಲೆ ಹಾಕಿಕೊಂಡು ಬೆನ್ನು ಸವರಿ. ಕೆಲವು ನಿಮಿಷದಲ್ಲಿ ತೇಗು ಬಾರದಿದ್ದರೆ ಹಟ ಹಿಡಿಯಬೇಡಿ. ಪದೇ ಪದೇ ಕಕ್ಕುವ ಮಗುವನ್ನು ಮಾತ್ರ ಹತ್ತು-ಹದಿನೈದು ನಿಮಿಷ ನೆಟ್ಟಗೆ ಎತ್ತಿಕೊಂಡಿರಿ. ಮಲಗಿಸುವಾಗ ಮೊದಲು ಕುಂಡೆ, ನಂತರ ಬೆನ್ನು, ಕೊನೆಗೆ ತಲೆ ಹಾಸಿಗೆಗೆ ತಾಗಬೇಕು. ಎದೆಯ ಮೇಲಿನ ಕೈಯನ್ನು ಕೂಡಲೇ ತೆಗೆಯದೆ, ಉಸಿರು ಒಂದೇ ಲಯಕ್ಕೆ ಬಂದ ಮೇಲೆ ಮೆಲ್ಲನೆ ತೆಗೆಯಿರಿ. ಅಷ್ಟರಲ್ಲಿ ಇನ್ನೊಂದು ಅತ್ತರೂ ಮಲಗಿದ್ದನ್ನು ಎತ್ತಿ ಬೇರೆ ಕೋಣೆಗೆ ಓಡಬೇಡಿ. ಒಡಹುಟ್ಟಿನ ಅಳು ಅವಳಿಗಳಿಗೆ ಬೇಗ ಅಭ್ಯಾಸವಾಗುತ್ತದೆ.

ಮಲಗಿಸುವುದು ಅಂಗಾತವಾಗಿ, ಗಟ್ಟಿಯಾದ ಸಮತಟ್ಟು ಹಾಸಿಗೆಯ ಮೇಲೆ, ತಾಯಿಯ ಕೋಣೆಯಲ್ಲೇ, ಆದರೆ ಒಂದೊಂದಕ್ಕೆ ಒಂದೊಂದು ಜಾಗ. ಅವಳಿಗಳನ್ನು ಒಂದೇ ತೊಟ್ಟಿಲಲ್ಲಿ ಮಲಗಿಸಿದ ಫೋಟೋ ಚೆಂದ, ಅಷ್ಟೇ. ಸೀರೆಯ ಜೋಲಿಯಲ್ಲಿ ಎಳೆಗೂಸಿನ ಗದ್ದ ಎದೆಗೆ ಒತ್ತಿ ಉಸಿರಿಗೆ ಅಡ್ಡಿಯಾಗಬಹುದು. ಸಾಸಿವೆ ದಿಂಬು, ದಪ್ಪ ಹೊದಿಕೆ ಬೇಡ. ನಮ್ಮ ಕರಾವಳಿಯ ಸೆಕೆಯಲ್ಲಿ ಕಿಟಕಿ ಮುಚ್ಚಿ, ಟೊಪ್ಪಿ, ಕಾಲುಚೀಲ ಹಾಕಿ ಮಲಗಿಸಿದರೆ ಮಗು ಎಚ್ಚರವಾಗುವುದು ಬೆವರಿಗೆ. ಕತ್ತಿನ ಹಿಂಭಾಗ ಮುಟ್ಟಿ ನೋಡಿ, ಒದ್ದೆಯಿದ್ದರೆ ಒಂದು ಬಟ್ಟೆ ಕಡಿಮೆ ಮಾಡಿ. ಸುತ್ತುವುದಾದರೆ ತೆಳು ಹತ್ತಿಬಟ್ಟೆಯಲ್ಲಿ, ಸೊಂಟ, ಕಾಲು ಸಡಿಲ ಬಿಟ್ಟು. ಮಲೇರಿಯಾ ಕಾಡುವ ಮಂಗಳೂರಿನಲ್ಲಿ ಸೊಳ್ಳೆಪರದೆ ಬೇಕೇ ಬೇಕು, ಕಾಯಿಲ್ ಹೊಗೆ ಬೇಡ. ಸಾಂಬ್ರಾಣಿ ಹೊಗೆಗೂ ಅದೇ ಮಾತು.

ನಿದ್ದೆ ಬರಲೆಂದು ಜಾಯಿಕಾಯಿ ತೇದು ನೆಕ್ಕಿಸುವುದು, ಬಜೆ, ಜೇನು, ಗ್ರೈಪ್ ವಾಟರ್ ಯಾವುದೂ ಬೇಡ. ಆರು ತಿಂಗಳವರೆಗೆ ಹಾಲು ಮತ್ತು ವೈದ್ಯರು ಬರೆದ ಔಷಧ ಮಾತ್ರ.

ಹಗಲು ಮಾಡಬೇಕಾದ್ದು

ಎಣ್ಣೆ ಹಚ್ಚಿ ಬಿಸಿನೀರು ಮೀಯಿಸಿದ ಮೇಲೆ ಮಕ್ಕಳು ಹೊಡೆಯುವ ನಿದ್ದೆ ದೊಡ್ಡದು. ಅದು ಮಧ್ಯಾಹ್ನದವರೆಗೆ ಎಳೆದರೆ ಹಸಿವೆಲ್ಲ ರಾತ್ರಿಗೆ ಸರಿಯುತ್ತದೆ. ಮೂರು ಗಂಟೆಗೊಮ್ಮೆ ಎಬ್ಬಿಸಿ ಕುಡಿಸಿ, ಎಚ್ಚರವಿರುವಾಗ ಬೆಳಕಿರುವ ಚಾವಡಿಯಲ್ಲಿ ಇರಲಿ.

ರಾತ್ರಿ ಕುಡಿಸುವುದಷ್ಟೇ ತಾಯಿಯ ಕೆಲಸ. ಲಂಗೋಟಿ, ತೇಗು, ಮಲಗಿಸುವುದು ಗಂಡನದ್ದೋ ಅಮ್ಮನದ್ದೋ ಪಾಳಿ. ಗಂಡನಿಗೆ ಬೆಳಿಗ್ಗೆ ಡ್ಯೂಟಿ ಇದೆ ಎನ್ನುವವರಿಗೆ ಬಾಣಂತಿಗೂ ಬೆಳಿಗ್ಗೆ ಡ್ಯೂಟಿ ಇರುವುದು ಕಾಣುವುದಿಲ್ಲ. ಎರಡು ವಾರ ಕಳೆದರೂ ಅವಳ ಅಳು, ಬೇಸರ ಇಳಿಯದಿದ್ದರೆ ವೈದ್ಯರಿಗೆ ಹೇಳಿ.

ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರುತ್ತಾರೆ, ನೋಟ್‌ಪುಸ್ತಕವನ್ನು ಅವರಿಗೆ ತೋರಿಸಿ. 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ಜ್ವರ, ಹಾಲು ಬಿಡುವುದು, ಎಬ್ಬಿಸಿದರೂ ಏಳದಿರುವುದು, ನಿಮಿಷಕ್ಕೆ 60ಕ್ಕೂ ಹೆಚ್ಚು ಉಸಿರು, ಅಂಗಾಲಿನವರೆಗೆ ಹಳದಿ, ಮೈ ತಣ್ಣಗಾಗುವುದು: ಇವು ಕಂಡರೆ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಹೊರಡಿ, ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ಹಗಲು-ರಾತ್ರಿಯ ವ್ಯತ್ಯಾಸ ಮಕ್ಕಳ ಮೈಗೆ ಹತ್ತಲು ಎರಡು-ಮೂರು ತಿಂಗಳು ಬೇಕು. 36 ವಾರಕ್ಕೇ ಹುಟ್ಟಿದ ಅವಳಿಗಳಾದರೆ ಆ ಲೆಕ್ಕಕ್ಕೆ ಇನ್ನೊಂದು ತಿಂಗಳು ಸೇರಿಸಿಕೊಳ್ಳಿ.