ಊರಿಗೆ ದೊಡ್ಡದು, ಊರೊಳಗೆ ಸಣ್ಣದು

ನಮ್ಮ ಮನೆಯಲ್ಲಿ ಎರಡು ಎಲೆಕ್ಟ್ರಿಕ್ ಕಾರುಗಳಿವೆ. ಒಂದು 24 ಯೂನಿಟ್ ಬ್ಯಾಟರಿಯ ಟಾಟಾ ಟಿಯಾಗೊ. ಇನ್ನೊಂದು 45 ಯೂನಿಟ್ಟಿನ ನೆಕ್ಸಾನ್. ಕಂಪನಿಯವರು ಇದನ್ನು ಕಿಲೋವ್ಯಾಟ್ ಅವರ್ ಅಂತಾರೆ, ಕರೆಂಟ್ ಬಿಲ್ಲಿನಲ್ಲಿ ಬರುವ ಒಂದು ಯೂನಿಟ್ ಅಂದರೆ ಅದೇ. ಲೆಕ್ಕ ಹಾಕೋದು ಸುಲಭ, ಅದಕ್ಕೆ ನಾನು ಯೂನಿಟ್ ಅಂತಲೇ ಬರೆಯುತ್ತೇನೆ. ಮೊದಲು ಬಂದದ್ದು ಸಣ್ಣದು. ದೊಡ್ಡದು ಬಂದ ಮೇಲೆ "ಇನ್ನು ಅದನ್ನು ಮಾರಿಬಿಡಿ" ಅಂತ ಹೇಳದವರಿಲ್ಲ. ಮಾರಲಿಲ್ಲ. ಬೆಂಗಳೂರಿನೊಳಗೆ ಈಗಲೂ ಜಾಸ್ತಿ ಓಡುವುದು ಅದೇ.

ಎಲ್ಲರೂ ಕೇಳುವ ಮೊದಲ ಪ್ರಶ್ನೆ, "ಫುಲ್ ಚಾರ್ಜ್ ಮಾಡಿದ್ರೆ ಎಷ್ಟು ಹೋಗತ್ತೆ?" ಕಾಗದದಲ್ಲಿ ನೋಡಿದರೆ ಟಿಯಾಗೊ 315 ಕಿ.ಮೀ., ನೆಕ್ಸಾನ್ 489. ಅದು ಪರೀಕ್ಷಾ ಕೇಂದ್ರದ ಲೆಕ್ಕ. ನಮ್ಮ ಕೈಯಲ್ಲಿ ಟಿಯಾಗೊ ಊರೊಳಗೆ 200ರ ಆಸುಪಾಸು, ಹೆದ್ದಾರಿಯಲ್ಲಿ 150ರಿಂದ 175. ನೆಕ್ಸಾನ್ ಹೆದ್ದಾರಿಯಲ್ಲಿ 300 ಕೊಟ್ಟರೆ ಖುಷಿ. ಆದರೆ ನನ್ನನ್ನು ಕೇಳಿದರೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ರಾತ್ರಿ ಕಾರು ಎಲ್ಲಿ ನಿಲ್ಲುತ್ತೆ? ಅಲ್ಲಿ ಪ್ಲಗ್ ಇದೆಯಾ?

ನಮ್ಮದು ನಾಗರಬಾವಿಯಲ್ಲಿ ಸ್ವಂತ ಮನೆ. ಕಾರು ನಿಲ್ಲಿಸುವ ಜಾಗದಲ್ಲಿ ಗೀಸರ್‌ಗೆ ಹಾಕುವಂಥದ್ದೇ 15 ಆಂಪ್ ಸಾಕೆಟ್ ಒಂದಿದೆ, ಅಷ್ಟೇ. ಅದರಲ್ಲಿ ಗಂಟೆಗೆ ಸುಮಾರು ಮೂರು ಯೂನಿಟ್ ಹೋಗುತ್ತೆ. ರಾತ್ರಿ ಊಟ ಮುಗಿಸಿ ಹಾಕಿದರೆ ಬೆಳಗ್ಗೆ ಟಿಯಾಗೊ ತುಂಬಿರುತ್ತೆ. ನನ್ನ ಹೆಂಡತಿಯ ಆಫೀಸು, ಮಗಳ ಟ್ಯೂಷನ್, ವಿಜಯನಗರದ ಮಾರ್ಕೆಟ್ಟು, ಎಲ್ಲ ಸೇರಿದರೂ ದಿನಕ್ಕೆ ಐವತ್ತು ಕಿ.ಮೀ. ದಾಟುವುದು ಅಪರೂಪ. ಟ್ರಾಫಿಕ್‌ನಲ್ಲಿ ನಿಂತರೆ ಚಾರ್ಜ್ ಮುಗಿದುಹೋಗುತ್ತೆ ಅಂತ ಹೆದರುವವರು ಬಹಳ ಜನ. ನಿಂತ ಕಾರಿನಲ್ಲಿ ಖರ್ಚಾಗುವುದು ಎಸಿ ಮಾತ್ರ. ಬೆಂಗಳೂರಿನ ಹವೆಗೆ ಗಂಟೆಗೆ ಒಂದು ಯೂನಿಟ್ ಹೋದರೆ ಜಾಸ್ತಿ. ನಿಧಾನಕ್ಕೆ ಹೋಗುವಾಗ ಮೋಟಾರು ತಿನ್ನುವುದೂ ಕಡಿಮೆ. ಊರೊಳಗೆ ದೊಡ್ಡ ಬ್ಯಾಟರಿ ಹೊತ್ತು ತಿರುಗುವುದು ಸುಮ್ನೆ ಭಾರ. ಪಾರ್ಕಿಂಗ್ ಹುಡುಕುವಾಗಲಂತೂ ಸಣ್ಣ ಕಾರಿನ ಬೆಲೆ ಗೊತ್ತಾಗುತ್ತೆ.

ಇದು ಬೆಂಗಳೂರಿಗೆ ಹೊಸದೇನಲ್ಲ. 2001ರಲ್ಲೇ ಇಲ್ಲಿ ತಯಾರಾದ ರೇವಾ ಕಾರು ರಸ್ತೆಗೆ ಬಂದಿತ್ತು. ಲೆಡ್ ಆಸಿಡ್ ಬ್ಯಾಟರಿ, ಒಂದು ಚಾರ್ಜಿಗೆ 80 ಕಿ.ಮೀ. ಲಂಡನ್ನಿನಲ್ಲೂ ಅದನ್ನೇ ಜಿ-ವಿಜ್ ಅಂತ ಮಾರಿದರು. ನೋಡಿ ನಗುತ್ತಿದ್ದವರೇ ಜಾಸ್ತಿ. ಆದರೆ ಆಫೀಸಿಗೆ ಹೋಗಿಬರಲು 80 ಕಿ.ಮೀ. ಆಗಲೂ ಸಾಕಿತ್ತು, ಈಗಲೂ ಸಾಕು.

ನನ್ನ ಜೊತೆ ಕೆಲಸ ಮಾಡುವ ಒಬ್ಬರ ಕತೆ ಉಲ್ಟಾ. ಅವರು ಬೆಂಗಳೂರು ಬಿಟ್ಟು ಹೊರಗೆ ಹೋಗುವುದೇ ಇಲ್ಲ. ದಿನಕ್ಕೆ ಮೂವತ್ತು ಕಿ.ಮೀ. ಓಡಿಸಬಹುದು. ಆದರೆ ಇರುವುದು ಅಪಾರ್ಟ್‌ಮೆಂಟಿನಲ್ಲಿ, ಬೇಸ್‌ಮೆಂಟಿನಲ್ಲಿ ಪಾಯಿಂಟ್ ಹಾಕಲು ಅಸೋಸಿಯೇಷನ್ ಒಪ್ಪುತ್ತಿಲ್ಲ. ಅವರಿಗೆ ನಾನೇ ದೊಡ್ಡ ಬ್ಯಾಟರಿ ತಗೊಳ್ಳಿ ಅಂದೆ. ವಾರಕ್ಕೊಮ್ಮೆ ಹೊರಗೆ ಹೋಗಿ ತುಂಬಿಸಿಕೊಂಡು ಬಂದರಾಯ್ತು. ಸಣ್ಣದಾದರೆ ಮೂರ್ನಾಲ್ಕು ದಿನಕ್ಕೊಮ್ಮೆ ಚಾರ್ಜರ್ ಹತ್ತಿರ ಕಾಯಬೇಕು. ಕಡಿಮೆ ಓಡಿಸುವವರಿಗೆ ಸಣ್ಣದು, ಜಾಸ್ತಿ ಓಡಿಸುವವರಿಗೆ ದೊಡ್ಡದು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಇನ್ನು ಮೈಸೂರು. ನಮ್ಮ ಮನೆಯಿಂದ ಕುವೆಂಪುನಗರದ ಅಕ್ಕನ ಮನೆಗೆ 140 ಕಿ.ಮೀ. ಅಂದುಕೊಳ್ಳಿ. ಹೊಸ ಹೆದ್ದಾರಿಯಲ್ಲಿ 100ರವರೆಗೆ ಬಿಡಬಹುದು. ಟಿಯಾಗೊದಲ್ಲಿ 80-85ರಲ್ಲಿ ಹೋದರೆ ಯೂನಿಟ್ಟಿಗೆ ಏಳೂವರೆ ಕಿ.ಮೀ. ಬರುತ್ತೆ, ಮೈಸೂರು ಮುಟ್ಟುವಾಗ ಶೇಕಡಾ 20ರ ಮೇಲೆ ಉಳಿದಿರುತ್ತೆ. ಅದೇ 100ರಲ್ಲಿ ಹೋದರೆ ಆರು ಚಿಲ್ಲರೆಗೆ ಇಳಿಯುತ್ತೆ, ಅಕ್ಕನ ಮನೆ ಗೇಟಿನ ಹತ್ತಿರ ಶೇಕಡಾ 10ಕ್ಕಿಂತ ಕಡಿಮೆ. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತೆ. 80ರಿಂದ 100ಕ್ಕೆ ಹೋದರೆ ವೇಗ ಕಾಲು ಭಾಗ ಹೆಚ್ಚು, ಗಾಳಿಯ ತಡೆ ಒಂದೂವರೆಪಟ್ಟು. ಉಳಿಯುವ ಸಮಯ ಇಪ್ಪತ್ತು ಇಪ್ಪತ್ತೈದು ನಿಮಿಷ. ನಾನು ಎಡಗಡೆ ಲೇನ್ ಹಿಡಿದು ಹಾಡು ಕೇಳಿಕೊಂಡು ಹೋಗುತ್ತೇನೆ.

ಮೈಸೂರು ಬೆಂಗಳೂರಿಗಿಂತ ಸುಮಾರು 150 ಮೀಟರ್ ತಗ್ಗಿನಲ್ಲಿದೆ. ಹಾಗಾಗಿ ಬರುವಾಗ ಸ್ವಲ್ಪ ಜಾಸ್ತಿ ಬೇಕು. ಸಣ್ಣ ಕಾರಿಗೆ ಅದು ಅರ್ಧ ಯೂನಿಟ್ಟಿನಷ್ಟೇ, ತಲೆಕೆಡಿಸಿಕೊಳ್ಳುವ ಮಾತಲ್ಲ. ಅಕ್ಕನ ಮನೆಯಲ್ಲಿ ಪ್ಲಗ್ ಹಾಕಿ, ಊಟ ಮಾಡಿ, ಹರಟೆ ಹೊಡೆದು, ಒಂದು ನಿದ್ದೆ ತೆಗೆಯುವಷ್ಟರಲ್ಲಿ ವಾಪಸ್ ಬರುವಷ್ಟು ತುಂಬಿರುತ್ತೆ. ಮೈಸೂರಿಗೆ ಈಗಲೂ ಸಣ್ಣದೇ ತಗೊಂಡು ಹೋಗುತ್ತೇನೆ. ಹೋದ ಕಡೆ ಪ್ಲಗ್ ಇಲ್ಲದಿದ್ದರೆ, ಮದುವೆ ಛತ್ರ ಆಸ್ಪತ್ರೆ ಇಂಥ ಕಡೆಗಾದರೆ, ದೊಡ್ಡದು. ತುಮಕೂರು, ಕೋಲಾರದ ವಿಷಯದಲ್ಲಿ ಯೋಚನೆಯೇ ಬೇಡ, ಯಾವುದಾದರೂ ಆಗುತ್ತೆ.

ದೊಡ್ಡದು ಬಂದದ್ದೇ ಊರಿಗಾಗಿ. ನಮ್ಮ ಊರು ಪುತ್ತೂರಿನ ಹತ್ತಿರ. ಕುಣಿಗಲ್, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ, ಶಿರಾಡಿ ಘಾಟಿ ಇಳಿದು ಗುಂಡ್ಯ, ಉಪ್ಪಿನಂಗಡಿ. ಮುನ್ನೂರು ಕಿ.ಮೀ. ಮೇಲೆ. ನೆಕ್ಸಾನ್ ಬರುವ ಮೊದಲು ಟಿಯಾಗೊದಲ್ಲೂ ಹೋಗಿ ಬಂದಿದ್ದೇವೆ. ಆಗುವುದಿಲ್ಲ ಅಂತಲ್ಲ. ಆದರೆ ಘಾಟಿ ಹತ್ತುವಾಗ ಪರದೆ ನೋಡುತ್ತಾ ಕೂತವರಿಗೇ ಗೊತ್ತು ಅದರ ಕಷ್ಟ.

ಗುಂಡ್ಯದಿಂದ ಸಕಲೇಶಪುರಕ್ಕೆ ನಲವತ್ತು ಕಿ.ಮೀ. ಒಳಗೇ. ಆದರೆ ಅಷ್ಟರಲ್ಲಿ ಸುಮಾರು 800 ಮೀಟರ್ ಮೇಲೇರಬೇಕು. ಊರಿನ ಮನೆಯಿಂದ ಪೂರ್ತಿ ತುಂಬಿಸಿ ಬೆಂಗಳೂರಿಗೆ ಹೊರಟರೆ ಟಿಯಾಗೊ ಗುಂಡ್ಯದಲ್ಲಿ ಶೇಕಡಾ 72 ತೋರಿಸುತ್ತೆ. ಅಡ್ಡಹೊಳೆ ದಾಟುವವರೆಗೆ ಏನೂ ಅನ್ನಿಸುವುದಿಲ್ಲ. ಆಮೇಲೆ ಕಿಲೋಮೀಟರಿಗೆ ಒಂದೊಂದು ಅಂಕಿ ಬೀಳಲು ಶುರು. ಎದುರಿಗೆ ಗ್ಯಾಸ್ ಸಾಗಿಸುವ ಬುಲೆಟ್ ಟ್ಯಾಂಕರು, ಅದರ ಹಿಂದೆ ಲಾರಿ, ಅದರ ಹಿಂದೆ ನಾವು. ಮಾರನಹಳ್ಳಿಗೆ ಬರುವಾಗ 50ರ ಕೆಳಗೆ. ದೋಣಿಗಾಲ್ ಕಳೆದು ಸಕಲೇಶಪುರ ಸೇರುವಾಗ 38. "ಹೀಗೇ ಬಿದ್ದರೆ ಹಾಸನ ಸಿಗುತ್ತಾ?" ಅಂತ ಹಿಂದಿನ ಸೀಟಿನಿಂದ ಅಮ್ಮ ಕೇಳುತ್ತಾರೆ. ಹೀಗೇ ಬೀಳುವುದಿಲ್ಲ, ಮೇಲೆ ಬಂದ ಮೇಲೆ ನಿಲ್ಲುತ್ತೆ. ಜನ, ಸಾಮಾನು, ಎರಡು ತೆಂಗಿನಕಾಯಿ ಚೀಲ ಸೇರಿಸಿ ನೆಕ್ಸಾನ್ 1,800 ಕೆಜಿ ಅಂತ ಹಿಡಿದರೂ ಅಷ್ಟು ಎತ್ತರಕ್ಕೆ ಏರಲು ಬೇಕಾಗುವುದು ಸುಮಾರು ನಾಲ್ಕು ಯೂನಿಟ್ ಹೆಚ್ಚು. 45ರಲ್ಲಿ ನಾಲ್ಕು ಹೋದರೆ ಗೊತ್ತಾಗಲ್ಲ. ಸಣ್ಣ ಕಾರು ಹಗುರ, ಅದಕ್ಕೆ ಮೂರು ಸಾಕು. ಆದರೆ 24ರಲ್ಲಿ ಮೂರು ಅಂದರೆ ಲೆಕ್ಕ ಬೇರೆಯೇ ಅಲ್ವಾ?

ಇಳಿಯುವಾಗ ಇದರಲ್ಲಿ ಒಂದಿಷ್ಟು ವಾಪಸ್ ಬರುತ್ತೆ. ಕಾಲು ಎತ್ತಿದರೆ ಮೋಟಾರೇ ಬ್ರೇಕು ಹಾಕಿ ಬ್ಯಾಟರಿಗೆ ತುಂಬಿಸುತ್ತೆ. ಆದ್ದರಿಂದ ಸಕಲೇಶಪುರದಲ್ಲಿ ಪೂರ್ತಿ ಚಾರ್ಜ್ ಮಾಡಿ ಘಾಟಿ ಇಳಿಯಬೇಡಿ. ತುಂಬಿದ ಬ್ಯಾಟರಿಗೆ ಮತ್ತೆ ತುಂಬಿಸಲು ಜಾಗ ಇರುವುದಿಲ್ಲ. ಆ ಬ್ರೇಕು ಸಡಿಲವಾಗಿ, ಮಾಮೂಲಿ ಬ್ರೇಕನ್ನೇ ಒತ್ತುತ್ತಾ ಇಳಿಯಬೇಕಾಗುತ್ತೆ.

ಘಾಟಿಗಿಂತ ದೊಡ್ಡ ವಿಷಯ ಇನ್ನೊಂದಿದೆ. ಹೆದ್ದಾರಿಯ ಚಾರ್ಜರ್ ಕೆಟ್ಟಿರಬಹುದು, ಕರೆಂಟ್ ಇಲ್ಲದಿರಬಹುದು, ಮುಂದೆ ಇನ್ನೆರಡು ಕಾರು ಕಾಯುತ್ತಿರಬಹುದು. ಒಮ್ಮೆ ಹೋಟೆಲಿನ ಪಕ್ಕದ ಚಾರ್ಜರಿನ ಗನ್, ಅಂದರೆ ಅದರ ದಪ್ಪ ಪ್ಲಗ್, ಕಾರಿಗೆ ಹಾಕಿ, ಆ್ಯಪಿನಲ್ಲಿ ದುಡ್ಡು ಕಟ್ಟಿ, ಮೂರು ಸಲ ಶುರುಮಾಡಿ ಮೂರು ಸಲವೂ ನಿಂತುಹೋಯಿತು. ಹಾಗಾಗಿ ಒಂದು ಚಾರ್ಜರ್ ಮುಟ್ಟುವಾಗ ಮುಂದಿನದಕ್ಕೆ ಹೋಗುವಷ್ಟು ಉಳಿದಿರಲೇಬೇಕು ಅಂತ ನಾನು ಇಟ್ಟುಕೊಂಡಿದ್ದೇನೆ. ಚನ್ನರಾಯಪಟ್ಟಣದಲ್ಲಿ ಆಗದಿದ್ದರೆ ಹಾಸನ, ಸುಮಾರು 40 ಕಿ.ಮೀ. ಅದಕ್ಕೆ ಆರು ಯೂನಿಟ್. ನೆಕ್ಸಾನ್‌ನಲ್ಲಿ ಆರು ಯೂನಿಟ್ ಅಂದರೆ ಶೇಕಡಾ 13. ಟಿಯಾಗೊದಲ್ಲಿ ಶೇಕಡಾ 25! ಅಂದರೆ ಸಣ್ಣ ಬ್ಯಾಟರಿಯ ಕಾಲು ಭಾಗ ಬರೀ ಧೈರ್ಯಕ್ಕೆ ಇಟ್ಟುಕೊಂಡದ್ದು, ಓಡಿಸಲು ಸಿಗುವುದಿಲ್ಲ. ಮೇಲೆ ಶೇಕಡಾ 80 ದಾಟಿದರೆ ಫಾಸ್ಟ್ ಚಾರ್ಜಿಂಗ್ ನಿಧಾನವಾಗುವುದರಿಂದ ಅಲ್ಲಿಗೇ ಕಳಚಿ ಹೊರಡುತ್ತೇವೆ. ದಾರಿಯ ಮಧ್ಯೆ ಟಿಯಾಗೊದಲ್ಲಿ ನಿಜಕ್ಕೂ ಕೈಗೆ ಸಿಗುವುದು ಹದಿಮೂರು ಯೂನಿಟ್. ನೂರು ಕಿ.ಮೀ.ಗೂ ಕಡಿಮೆ.

ಕಾಯುವ ಸಮಯದಲ್ಲೂ ಇದೇ ಅನ್ಯಾಯ. ಫಾಸ್ಟ್ ಚಾರ್ಜರಿನಲ್ಲಿ ಶೇಕಡಾ 10ರಿಂದ 80ಕ್ಕೆ ಏರಲು ಟಿಯಾಗೊಗೆ ಒಂದು ಗಂಟೆಯ ಹತ್ತಿರ ಬೇಕು. ಸಿಗುವುದು 17 ಯೂನಿಟ್. ನೆಕ್ಸಾನ್‌ಗೆ ನಲವತ್ತು ನಿಮಿಷ ಚಿಲ್ಲರೆ, 31 ಯೂನಿಟ್. ಕಡಿಮೆ ಹೊತ್ತು ಕಾದು ಹೆಚ್ಚುಕಮ್ಮಿ ಎರಡರಷ್ಟು ದೂರ. ಟಿಯಾಗೊದಲ್ಲಿ ಊರಿಂದ ಬರುವಾಗ ಸಕಲೇಶಪುರದಲ್ಲಿ ಒಂದು, ಚನ್ನರಾಯಪಟ್ಟಣದಲ್ಲಿ ಇನ್ನೊಂದು, ಧೈರ್ಯ ಸಾಲದಿದ್ದರೆ ಕುಣಿಗಲ್ಲಿನಲ್ಲಿ ಮತ್ತೊಂದು ಕಾಫಿ. ನೆಕ್ಸಾನ್‌ಗೆ ಹಾಸನದಲ್ಲಿ ಒಂದೇ ತಿಂಡಿ ಸಾಕು.

ಊರಿನ ಮನೆಯಲ್ಲಿ ಪ್ಲಗ್ ಇತ್ತು, ಆದರೆ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತಿತ್ತು. ಅರ್ಥಿಂಗ್ ಸರಿ ಇರಲಿಲ್ಲ. ಎಲೆಕ್ಟ್ರಿಷಿಯನ್ ಬಂದು ನ್ಯೂಟ್ರಲ್ಲಿಗೂ ಅರ್ಥಿಗೂ ಮೀಟರ್ ಹಿಡಿದರೆ ನಲವತ್ತು ವೋಲ್ಟ್! "ಎಂತ ಮಾರಾಯ್ರೆ, ಇದರಲ್ಲಿ ಮಿಕ್ಸಿ ಹೇಗೆ ತಿರುಗಿಸ್ತಿದ್ರಿ?" ಅಂದರು. ಬಾವಿಕಟ್ಟೆಯ ಹಿಂದೆ, ಯಾವಾಗಲೂ ಒದ್ದೆ ಇರುವ ಕಡೆ, ಗುಂಡಿ ತೆಗೆದು ಪೈಪ್ ಇಳಿಸಿ, ಸುತ್ತ ಇದ್ದಿಲು ಉಪ್ಪು ತುಂಬಿಸಿದರು. ಎರಡು ಮೂರು ವೋಲ್ಟಿಗೆ ಇಳಿಯಿತು, ದೀಪ ಹಸಿರಾಯಿತು. ಊರಿಗೆ ಎಲೆಕ್ಟ್ರಿಕ್ ಕಾರಿನಲ್ಲಿ ಹೋಗುವ ಯೋಚನೆ ಇದ್ದರೆ ಬ್ಯಾಟರಿ ಎಷ್ಟು ಅಂತ ನೋಡುವ ಮೊದಲು ಇದೊಂದು ಮಾಡಿಸಿ. ಬೇಸಿಗೆಯಲ್ಲಿ ಸಂಜೆ ತೋಟಕ್ಕೆ ಪಂಪು ಬಿಡುವ ಹೊತ್ತಿಗೆ ವೋಲ್ಟೇಜ್ ಬೀಳುತ್ತೆ, ರಾತ್ರಿ ಹತ್ತರ ಮೇಲೆ ಹಾಕುವುದು ಒಳ್ಳೆಯದು.

ದುಡ್ಡಿನ ಮಾತು. ಎರಡು ಕಾರುಗಳ ನಡುವೆ ನಾಲ್ಕೈದು ಲಕ್ಷದ ವ್ಯತ್ಯಾಸ. ವರ್ಷಕ್ಕೊಮ್ಮೆ ದೀಪಾವಳಿಗೆ ಮಾತ್ರ ಊರಿಗೆ ಹೋಗುವವರಾಗಿದ್ದರೆ ನಾನು ದೊಡ್ಡದು ತಗೊಳ್ಳುತ್ತಿರಲಿಲ್ಲ. ಆ ದುಡ್ಡಿನಲ್ಲಿ ಎಷ್ಟೋ ವರ್ಷ ಬಾಡಿಗೆ ಕಾರಿನಲ್ಲಿ ಹೋಗಬಹುದು. ಅಮ್ಮನನ್ನು ಕರೆತರುವುದು, ಬಿಡುವುದು, ತೋಟದ ಕೆಲಸ ಅಂತ ಪದೇಪದೇ ಹೋಗುವುದರಿಂದ ತಗೊಂಡೆವು. ಮನೆಯಲ್ಲಿ ತುಂಬಿಸಿದರೆ ಯೂನಿಟ್ಟಿಗೆ ಆರೇಳು ರೂಪಾಯಿ, ಹೆದ್ದಾರಿಯಲ್ಲಿ ಇಪ್ಪತ್ತರ ಆಚೆ ಈಚೆ. ದೊಡ್ಡ ಬ್ಯಾಟರಿಯಲ್ಲಿ ಮನೆಯ ಕರೆಂಟಿನಲ್ಲೇ ಹೆಚ್ಚು ದೂರ ಹೋಗುವುದರಿಂದ ಅಷ್ಟು ಉಳಿತಾಯ. ಆದರೆ ಅದರಿಂದ ನಾಲ್ಕೈದು ಲಕ್ಷ ವಾಪಸ್ ಬರುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಈಗ ಪುತ್ತೂರಿನ ಭಾವನಿಗೂ ಎಲೆಕ್ಟ್ರಿಕ್ ಕಾರು ಬೇಕಂತೆ. ಅವರು ಓಡಾಡುವುದು ಮಂಗಳೂರಿಗೆ, ಹೋಗಿಬಂದರೆ ನೂರು ಕಿ.ಮೀ. ಚಿಲ್ಲರೆ. ಬೆಂಗಳೂರಿಗೆ ಬರುವುದಾದರೆ ರಾತ್ರಿ ಬಸ್ಸೇ ಇಷ್ಟ. ಮನೆಯಲ್ಲಿ ಅರ್ಥಿಂಗ್ ಕೂಡ ಸರಿ ಇದೆ. "ಭಾವ, ನಿಮಗೆ ಸಣ್ಣದೇ ಧಾರಾಳ ಸಾಕು" ಅಂದೆ. ಲೆಕ್ಕವನ್ನೆಲ್ಲ ಒಪ್ಪಿದರು. ಆದರೆ ಅದರಲ್ಲಿ ಸನ್‌ರೂಫ್ ಇಲ್ಲ ಅಂತ ಮಕ್ಕಳು ಮಾತು ಬಿಟ್ಟು ಕೂತಿದ್ದಾರಂತೆ.