ಗೋಡೆಗೆ ಬೂಷ್ಟು ಹಿಡಿದರೆ ಬರೀ ಬಣ್ಣ ಹಾಳಾಗಲ್ಲ

ಕಕ್ಕಡದ (ಕೊಡಗಿನಲ್ಲಿ ಜುಲೈ-ಆಗಸ್ಟ್ ಹೊತ್ತಿನ ತಿಂಗಳು) ಮಳೆ ಹಿಡಿದರೆ ಮಡಿಕೇರಿ, ಭಾಗಮಂಡಲ ಕಡೆ ಮನೆಯೊಳಗೆ ಬೂಷ್ಟು ಬರದೇ ಇರಲ್ಲ. ಬೀರು ಸರಿಸಿ ನೋಡಿ: ಗೋಡೆ ತುಂಬ ಕರಿ ಚುಕ್ಕೆ, ಒಳಗಿನ ಬೆಲ್ಟಿನ ಮೇಲೆ ಬಿಳಿ ಪುಡಿ. ಇದರ ಕಣಗಳು ಉಸಿರಲ್ಲಿ ಹೋದರೆ ಕೆಲವರಿಗೆ ಸೀನು, ಮೂಗು ಕಟ್ಟುವುದು, ಕಣ್ಣು ತುರಿಕೆ, ಕೆಮ್ಮು ಬರುತ್ತೆ, ಆಸ್ತಮಾ ಇದ್ದವರಿಗೆ ಉಬ್ಬಸ ಜಾಸ್ತಿಯಾಗುತ್ತೆ. ಎಲ್ಲರಿಗೂ ಆಗಬೇಕಂತಿಲ್ಲ. ಆದರೆ ಕ್ಯಾನ್ಸರಿಗೆ ಕೀಮೋ ತಗೊಳ್ಳುತ್ತಿರುವವರಿಗೆ, ಕಿಡ್ನಿ ಕಸಿ ಆದವರಿಗೆ ಶ್ವಾಸಕೋಶಕ್ಕೇ ಸೋಂಕು ತಗಲಬಹುದು, ಹಾಗಾಗಿ ಅವರನ್ನು ಆ ಕೋಣೆಯಲ್ಲಿ ಮಲಗಿಸಬೇಡಿ, ಉಜ್ಜುವ ಕೆಲಸವನ್ನಂತೂ ಕೊಡಲೇಬೇಡಿ. ನೆಂಟರ ಮನೆಗೆ ಹೋದಾಗ ನಿಂತ ಕೆಮ್ಮು ವಾಪಸ್ ಬಂದ ಮೇಲೆ ಮತ್ತೆ ಶುರುವಾಗುತ್ತಾ? ಡಾಕ್ಟರಿಗೆ ಅದನ್ನೇ ಹೇಳಿ.

ಒಣ ಪೊರಕೆಯಲ್ಲಿ ಗುಡಿಸಬೇಡಿ, ಪುಡಿಯೆಲ್ಲ ಹಾರುತ್ತೆ. ಎನ್‌95 ಮಾಸ್ಕ್, ಗ್ಲೌಸ್ ಹಾಕಿಕೊಂಡು, ಕಿಟಕಿ ತೆಗೆದು, ಸೋಪು ನೀರಲ್ಲಿ ಉಜ್ಜಿ, ಪೂರ್ತಿ ಒಣಗಿಸಿ. ಬ್ಲೀಚ್ ಜೊತೆ ಟಾಯ್ಲೆಟ್ ಆಸಿಡ್ ಬೆರೆಸಿದರೆ ಕ್ಲೋರಿನ್ ಗ್ಯಾಸ್ ಬರುತ್ತೆ, ಆ ಸಾಹಸ ಬೇಡವೇ ಬೇಡ. ಸತ್ತ ಬೂಷ್ಟಿನಿಂದಲೂ ಅಲರ್ಜಿ ಆಗುತ್ತೆ, ಅದಕ್ಕೇ ಸುಮ್ನೆ ಔಷಧಿ ಸಿಂಪಡಿಸಿ ಬಿಟ್ಟರೆ ಸಾಲದು, ಒರೆಸಿ ತೆಗೀಬೇಕು. ಮೇಲೆ ಪೇಂಟ್ ಬಳಿಯೋದು ನನ್ನ ಪ್ರಕಾರ ದುಡ್ಡು ದಂಡ.

ಇನ್ನು ತೇವ. ಒಡೆದ ಹಂಚು, ಕಸ ಕಟ್ಟಿಕೊಂಡ ಸೂರಿನ ನೀರಿನ ದೋಣಿ ಮಳೆಗೆ ಮುಂಚೆಯೇ ಸರಿ ಮಾಡಿಸಿ. ನೆನೆದ ಚಾಪೆ, ಹಾಸಿಗೆ 24ರಿಂದ 48 ಗಂಟೆಯೊಳಗೆ ಒಣಗಬೇಕು. ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಹರವಬೇಡಿ (ಜುಲೈನಲ್ಲಿ ಇನ್ನೆಲ್ಲಿ ಹರವೋದು ಅಂತೀರಾ, ಗೊತ್ತು, ಗಾಳಿಯಾಡುವ ಜಗಲಿ ಆದೀತು). ಒಳಗಿನ ತೇವಾಂಶ ಶೇಕಡಾ 60ಕ್ಕಿಂತ ಕೆಳಗಿರಲಿ. ಬೀರುವನ್ನು ಗೋಡೆಯಿಂದ ಒಂದು ಗೇಣು ದೂರ ಇಡಿ.